ಮೂರನೆಯ ತಣ್ಣೀರು

ಗೌದೆನ್ಸಿಯೊ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಚರ್ಚಿನ ಬಾಗಿಲಿನಲ್ಲಿ.

ಹೋದ ನವೆಂಬರಿನ ಒಂದು ಬುಧವಾರ. ಬೆಳಗಿನ ಬಲಿಪೂಜೆಗೆ ಮುಂಚೆ ಮೇಣದಬತ್ತಿಗಳನ್ನು ಸರಿಮಾಡಲು ಹೋಗಿದ್ದೆ. ಬಾಗಿಲಿಗೆ ಕಪ್ಪು ಅಂಚಿನ ಹೊಸ ಕಾಗದ ಅಂಟಿಸಿತ್ತು. ನಮ್ಮಲ್ಲಿ ಸತ್ತವರ ಹೆಸರು ಊರಿಗೆ ತಿಳಿಯುವುದು ಹೀಗೆ. ನನ್ನ ವಯಸ್ಸಿನವರು ಆ ಬಾಗಿಲನ್ನು ಓದದೆ ಒಳಗೆ ಹೋಗುವುದಿಲ್ಲ. ನಾನು ಮೊದಲು ವಯಸ್ಸು ನೋಡುತ್ತೇನೆ, ಆಮೇಲೆ ಹೆಸರು.

ಎಂಬತ್ತನಾಲ್ಕು ವರ್ಷ. ಗೌದೆನ್ಸಿಯೊ. ಕಲ್ಲಿದ್ದಲಿನ ರೈಲಿನ ನಿವೃತ್ತ ಗಾರ್ಡ್. ದುಃಖದಲ್ಲಿರುವವರು, ತಂಗಿ ವಿಸಿತಾಸಿಯೋನ್. ಅಷ್ಟೇ. ಹೆಂಡತಿಯ ಹೆಸರಿರಲಿಲ್ಲ. ಮಕ್ಕಳ ಹೆಸರಿರಲಿಲ್ಲ. ನಾನು ಕಾಗದದ ಕೆಳಗಿನ ಅಂಚಿನವರೆಗೂ ಹುಡುಕಿದೆ. ಅಲ್ಲಿ ಇದ್ದದ್ದು ಒಂದೇ ಸಾಲು: ಶನಿವಾರ ಸಂಜೆ ಏಳಕ್ಕೆ, ಬಲ್ಮಸೆದಾ ಊರಿನ ಚರ್ಚಿನಲ್ಲಿ ಆತ್ಮಶಾಂತಿಯ ಪೂಜೆ.

ನಮ್ಮ ಫಾದರ್ ಇನ್ನೂ ಚಿಕ್ಕ ವಯಸ್ಸಿನವರು. ಹಿಂದೆ ಬಂದು ನಿಂತರು.

"ಗೊತ್ತಿದ್ದವರಾ, ದೊಮಿತಿಲಮ್ಮ? ಅವರ ತಂಗಿ ಫೋನ್ ಮಾಡಿ, ಇಲ್ಲೂ ಒಂದು ಅಂಟಿಸಲೇಬೇಕು ಅಂದ್ರು. ಇಲ್ಲಿ ಅವರನ್ನ ಯಾರೂ ನೆನಪಿಟ್ಟಿರಲ್ಲ ಅಂತ ಹೇಳಿದ್ರೂ ಕೇಳಲಿಲ್ಲ."

"ನಾನು ಅವರಿಗೆ ನೀರು ಕೊಡ್ತಿದ್ದೆ ಫಾದರ್," ಎಂದೆ.

ಮುದುಕಿಗೆ ಏನೋ ಮರೆವು ಎಂದುಕೊಂಡಿರಬೇಕು. ನನ್ನ ಕೈಯಿಂದ ಬತ್ತಿಗಳನ್ನು ತೆಗೆದುಕೊಂಡು ತಾವೇ ಹಚ್ಚಿದರು.

ನಾನು ಹೇಳಿದ್ದು ನಿಜ. ಅರವತ್ತೊಂದು ವರ್ಷದ ಹಿಂದೆ, ಊರಿನಿಂದ ಎರಡು ಮೈಲಿ ಆಚೆ ರೈಲ್ವೆ ಗೇಟಿನ ಕಲ್ಲಿನ ಮನೆಯಲ್ಲಿ ನಾನೂ ಅಪ್ಪನೂ ಇದ್ದೆವು. ಅಮ್ಮ ಮೊದಲೇ ಹೋಗಿದ್ದಳು. ಗಣಿಯ ಧೂಳು ಅಪ್ಪನ ಎದೆಯಲ್ಲಿ ಕೂತಿತ್ತು, ಆದ್ದರಿಂದ ಕೆಲಸ ಅವರ ಹೆಸರಿನಲ್ಲಿದ್ದರೂ ಬಾವುಟ ಹಿಡಿದು ನಿಲ್ಲುತ್ತಿದ್ದವಳು ನಾನು. ನಮ್ಮ ಗೇಟಿನ ಪಕ್ಕ ಒಂದು ಜೋಡಿ ಹಳಿ ಇತ್ತು. ಬಿಲ್ಬಾವೊ ನಗರದ ಕಡೆಗೆ ಹೋಗುವ ಕಲ್ಲಿದ್ದಲಿನ ರೈಲು ಮಂಗಳವಾರ, ಶುಕ್ರವಾರ ಅಲ್ಲಿ ನಿಂತು, ಎದುರಿನಿಂದ ಬರುವ ಪ್ಯಾಸೆಂಜರಿಗೆ ದಾರಿ ಬಿಡುತ್ತಿತ್ತು. ಹನ್ನೆರಡು ನಿಮಿಷ. ನನ್ನ ಪ್ರೀತಿಗೆ ದೇವರು ಕೊಟ್ಟ ಕಾಲ ಅಷ್ಟೇ, ವಾರಕ್ಕೆ ಎರಡು ಸಲ.

ಮೊದಲನೆಯ ದಿನ ಆತ ಕೊನೆಯ ಡಬ್ಬಿಯಿಂದ ಹಾರಿ, ತಗಡಿನ ಜಗ್ ಹಿಡಿದು ಬಂದ. ಕಣ್ಣರೆಪ್ಪೆಯ ಮೇಲೂ ಮಸಿ. ಅದರೊಳಗಿಂದ ಬೂದು ಕಣ್ಣುಗಳು ನಗುತ್ತಿದ್ದವು.

"ಏನ್ರೀ ಗೇಟಮ್ಮ, ಒಂದು ಜಗ್ ತಣ್ಣೀರು ಕೊಡ್ತೀರಾ? ಕಾಳು ಬೆಚ್ಚಿಸ್ಬೇಕು."

"ಕಾಳೇನು ಮಗುವಾ, ಬೆಚ್ಚಿಬೀಳೋಕೆ?"

"ಮಗುವಿಗಿಂತ ಕಷ್ಟ. ಕುದಿ ಬಂತು ಅನ್ನೋವಾಗ ತಣ್ಣೀರು ಹಾಕಿ ಬೆಚ್ಚಿಬೀಳಿಸ್ಬೇಕು. ಮೂರು ಸಲ. ಆಗಲೇ ಮೆತ್ತಗಾಗೋದು."

"ಎರಡು ಸಲ ಎಲ್ಲಾಯ್ತು?"

"ಒಂದು ಸ್ಟೇಷನ್ನಲ್ಲಿ, ಒಂದು ಸುರಂಗದ ಬಾಯಲ್ಲಿ. ಮೂರನೇದು ನಿಮ್ಮ ಕೈಯಿಂದ ಆಗ್ಲಿ ಅಂತ."

ಮನೆಯೊಳಗಿಂದ ಅಪ್ಪ ಕೆಮ್ಮಿದರು. ಆ ಕೆಮ್ಮು ಎದೆಯ ಕೆಮ್ಮಲ್ಲ ಎಂದು ನನಗೂ ಗೊತ್ತಾಯಿತು, ಆತನಿಗೂ ಗೊತ್ತಾಯಿತು.

ಕಲ್ಲಿದ್ದಲಿನ ರೈಲಿನವರಿಗೆ ದಾರಿಯಲ್ಲಿ ಬೇಯುವುದೇ ಊಟ. ಕೆಂಪು ಬೀನ್ಸ್ ಕಾಳು, ಉಪ್ಪು ಹಾಕಿದ ಹಂದಿಯ ಕೊಬ್ಬು, ಮೆಣಸಿನಪುಡಿಯ ಕೆಂಪು ಸಾಸೇಜು, ರಕ್ತದ ಸಾಸೇಜು, ಸಿಕ್ಕಿದರೆ ಒಂದು ಹಂದಿ ಕಿವಿ. ಇವನ್ನು ಬೇಯಿಸುವ ಪಾತ್ರೆಗೆ ಕಾಲಿರುವ ತಗಡಿನ ಕವಚ, ಅದರ ಅಡಿಯಲ್ಲಿ ಇದ್ದಿಲು. ಪಾತ್ರೆಗೂ ಅದರಲ್ಲಿ ಬೆಂದದ್ದಕ್ಕೂ ಒಂದೇ ಹೆಸರು, ಪುಚೆರಾ. ಗೌದೆನ್ಸಿಯೊನ ಪುಚೆರಾ ಕೊನೆಯ ಡಬ್ಬಿಯಲ್ಲಿ, ಬ್ರೇಕಿನ ಚಕ್ರದ ಪಕ್ಕ ಕೂತಿರುತ್ತಿತ್ತು.

"ಬೇರೆ ರೈಲಿನಲ್ಲಿ ಎಂಜಿನ್ನಿನವರು ಪೈಪ್ ಹಾಕಿ ಉಗಿಯಲ್ಲಿ ಬೇಯಿಸ್ಕೋತಾರೆ," ಎಂದ ಒಂದು ದಿನ. "ಅದು ಊಟ ಅಲ್ಲ, ಬಟ್ಟೆ ಒಗೆದ ನೀರು. ಅದಕ್ಕೇ ನಮ್ಮ ಡ್ರೈವರೂ ಬೆಂಕಿಯವನೂ ನನ್ನ ಪಾತ್ರೆಗೇ ಕಾಯ್ತಾರೆ."

ನಾನು ಡಬ್ಬಿಯೊಳಗೆ ಇಣುಕಿ, "ಸೌಟು ಎಲ್ಲಿ?" ಎಂದೆ.

"ಸೌಟು ಹಾಕಿದ್ರೆ ಸಿಪ್ಪೆ ಒಡೆಯುತ್ತೆ. ಎರಡು ಕಿವಿ ಹಿಡ್ಕೊಂಡು ಪಾತ್ರೇನೇ ಅಲುಗಿಸ್ಬೇಕು. ನನಗೆ ಆ ಕೆಲಸಾನೂ ಇಲ್ಲ, ರೈಲೇ ಅಲುಗಿಸುತ್ತೆ."

"ಅಂದ್ರೆ ನೀವು ಮಾಡೋದೇನು?"

"ನೀರಿಗೆ ಬರೋದು."

ನೀರಿನ ಮಾತು ಬರೀ ನೆಪವಾಗಿರಲಿಲ್ಲ, ಪೂರ್ತಿ ನಿಜವೂ ಆಗಿರಲಿಲ್ಲ. ಆ ದಾರಿಯ ಸ್ಟೇಷನ್ನುಗಳಲ್ಲೆಲ್ಲ ಸುಣ್ಣದ ನೀರು. ಅದು ಬಾಯ್ಲರಿನಲ್ಲಿ ಬಿಳಿಯಾಗಿ ಹೆಪ್ಪುಗಟ್ಟುತ್ತದೆ, ಕಾಳನ್ನು ಕಲ್ಲು ಮಾಡುತ್ತದೆ. ಇದು ರೈಲ್ವೆಯವರಿಗೆಲ್ಲ ಗೊತ್ತು. ನಮ್ಮ ಮನೆಯ ಹಿಂದೆ ಓಕ್ ಮರಗಳ ಬುಡದಲ್ಲಿ ಮಾತ್ರ ಒಂದು ಒರತೆ ಇತ್ತು. ಅದರಲ್ಲಿ ಸುಣ್ಣವಿರಲಿಲ್ಲ, ಬಾಯಿಗೆ ಬಿದ್ದರೆ ರೇಷ್ಮೆಯ ಹಾಗೆ ಜಾರುತ್ತಿತ್ತು.

ಒಂದು ಶುಕ್ರವಾರ ಜಗ್ ತುಂಬಿಸಿ ಕೊಟ್ಟೆ. ಎರಡು ನಿಮಿಷಕ್ಕೆ ಮತ್ತೆ ಬಂದ, ಜಗ್ ಖಾಲಿ. ಡಬ್ಬಿಯ ಹಿಂದಿನ ಜಲ್ಲಿಕಲ್ಲು ಒದ್ದೆಯಾಗಿದ್ದದ್ದು ನನಗೆ ಕಾಣಿಸುತ್ತಿತ್ತು.

"ಚೆಲ್ಲಿಬಿಟ್ರಾ?"

"ಅದು ತಣ್ಣಗಿರಲಿಲ್ಲ."

"ಮಂಜುಗಡ್ಡೆ ಹಾಗಿತ್ತು."

"ನೀವು ತುಂಬ ಹೊತ್ತು ಹಿಡ್ಕೊಂಡಿದ್ರಿ. ನಿಮ್ಮ ಕೈ ಬೆಚ್ಚಗಿದೆ."

ಜಗ್ಗಿನ ಹಿಡಿಯ ಮೇಲೆ ನಮ್ಮಿಬ್ಬರ ಬೆರಳುಗಳಿದ್ದವು. ಆತ ಬಿಡಲಿಲ್ಲ. ನಾನೂ ಬಿಡಲಿಲ್ಲ. ಎದುರಿನ ಪ್ಯಾಸೆಂಜರು ಕೂಗಿಕೊಂಡಾಗ ಜಗ್ ಇಬ್ಬರ ಕೈಯಿಂದಲೂ ಜಾರಿ ಬಿತ್ತು. ಆ ದಿನ ಅವರ ಕಾಳಿಗೆ ಎರಡೇ ತಣ್ಣೀರು.

ಜನವರಿಯ ಒಂದು ಮಂಗಳವಾರ ಆತ ಜಗ್ ತರಲಿಲ್ಲ. ಪಾತ್ರೆಯನ್ನೇ ಹೊತ್ತು ತಂದ. ಒಳಗೆ ಬಟ್ಟೆಯಲ್ಲಿ ಕಟ್ಟಿದ ಕಾಳು, ಕಾಗದದಲ್ಲಿ ಸುತ್ತಿದ ಮಾಂಸ. ಗೇಟಿನ ಕಂಬದ ಪಕ್ಕ ಇಟ್ಟು, ಎಂದೂ ಇಲ್ಲದ ಹಾಗೆ ನೆಲ ನೋಡಿಕೊಂಡು ಮಾತಾಡಿದ.

"ಶುಕ್ರವಾರ ನಾನು ಬರೋಷ್ಟರಲ್ಲಿ ಇದು ತುಂಬಿದ್ರೆ, ಟೋಪಿ ತೆಗೆದು ನಿಮ್ಮಪ್ಪನ ಹತ್ರ ಮಾತಾಡ್ತೀನಿ. ಖಾಲಿ ಕೊಟ್ರೆ ಖಾಲಿ ತಗೊಂಡು ಹೋಗ್ತೀನಿ. ಯಾಕೆ ಅಂತ ಕೇಳಲ್ಲ."

"ನನಗೆ ಪುಚೆರಾ ಮಾಡೋಕೆ ಬರಲ್ಲ ಅಂದ್ರೆ?"

"ಕಲ್ಲು ಬೇಯಿಸಿ ಕೊಡಿ, ತಿಂತೀನಿ."

ನಾನು ನಕ್ಕೆ. ಆ ಮಾತನ್ನು ತಮಾಷೆ ಎಂದುಕೊಂಡೆ. ಇಂದಿಗೂ ಜಪಸರ ಹಿಡಿದು ಕೂತಾಗ ನಡುವೆ ಆ ಮಾತು ಬಂದು ಮಣಿ ಎಣಿಕೆ ತಪ್ಪುತ್ತದೆ.

ಬುಧವಾರ ಚಳಿ ಏರಿತು. ಗುರುವಾರ ಹಿಮ ಬಿತ್ತು. ಸಂಜೆ ಕಾಳು ನೆನೆಹಾಕಲು ಬಿಂದಿಗೆ ಹಿಡಿದು ಹೋದರೆ ಒರತೆ ಹೆಪ್ಪುಗಟ್ಟಿತ್ತು. ಕೊಡಲಿಯ ಹಿಂಬದಿಯಿಂದ ಒಡೆದೆ, ಕೆಳಗೂ ಮಂಜುಗಡ್ಡೆ. ಹಳಿ ದಾಟಿ, ಹಳೆಯ ಸುಣ್ಣದ ಗೂಡಿನ ಪಕ್ಕದ ಬಾವಿಯಿಂದ ನೀರು ತಂದೆ. ಅದು ಎಂಥ ನೀರೆಂದು ನನಗೆ ಗೊತ್ತಿತ್ತು. ಒಂದು ದಿನಕ್ಕೆ ಏನಾದೀತು ಎಂದುಕೊಂಡೆ.

ಶುಕ್ರವಾರ ಬೆಳಗ್ಗೆ ಐದಕ್ಕೆ ಇದ್ದಿಲು ಹೊತ್ತಿಸಿದೆ. ಕಾಳು, ಕೊಬ್ಬು, ಸಾಸೇಜು, ಈರುಳ್ಳಿ. ಕುದಿ ಬಂದಾಗಲೆಲ್ಲ ತಣ್ಣೀರು ಹಾಕಿದೆ. ಸೌಟು ಮುಟ್ಟಲಿಲ್ಲ. ಎರಡು ಕಿವಿ ಹಿಡಿದು, ರೈಲಿನಂತೆಯೇ ಅಲುಗಿಸಿದೆ. ಹತ್ತು ಗಂಟೆಗೆ ಮಾಂಸ ಬೆಂದಿತ್ತು, ರಸ ಕೆಂಪಾಗಿತ್ತು, ಮನೆಯೆಲ್ಲ ಘಮ. ಅಪ್ಪ ಹಾಸಿಗೆಯಲ್ಲಿ ಎದ್ದು ಕೂತು ಗಡ್ಡ ಬೋಳಿಸಿಕೊಳ್ಳಲು ಬಿಸಿನೀರು ಕೇಳಿದರು. ನಾನು ಅವರಿಗೆ ಏನೂ ಹೇಳಿರಲಿಲ್ಲ. ಅವರು ಏನನ್ನೂ ಕೇಳಿರಲಿಲ್ಲ.

ಹನ್ನೊಂದಕ್ಕೆ ಒಂದು ಕಾಳು ಬಾಯಿಗೆ ಹಾಕಿದೆ. ಹಲ್ಲಿಗೆ ಟಕ್ ಎಂದಿತು. ಹನ್ನೊಂದೂವರೆಗೂ ಟಕ್. ಹನ್ನೆರಡಕ್ಕೆ ಕಣಿವೆಯ ತಿರುವಿನಲ್ಲಿ ಸೀಟಿ ಕೇಳಿದಾಗಲೂ ಅದು ಕಲ್ಲೇ.

ಕಿಟಕಿಯಿಂದ ನೋಡಿದೆ. ಎಂಜಿನ್ನಿನ ಬಾಗಿಲಲ್ಲಿ ಡ್ರೈವರು, ಬೆಂಕಿಯವನು ಇಬ್ಬರೂ ಮುಖ ತೊಳೆದುಕೊಂಡು, ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಆತ ಅವರಿಗೆ ಹೇಳಿಬಿಟ್ಟಿದ್ದ. ಅಷ್ಟು ಸಂತೋಷದಲ್ಲಿ ಯಾರಿಗಾದರೂ ಹೇಳದೆ ಹೇಗಿದ್ದಾನು? ಆದರೆ ಇಪ್ಪತ್ತು ವರ್ಷದ ಹುಡುಗಿಗೆ ಕಂಡದ್ದು ಆ ತಟ್ಟೆಗಳು ಮಾತ್ರ. ಅವರು ಮೂವರೂ ಕಾಳು ಕಚ್ಚುವುದು, ಒಬ್ಬರ ಮುಖ ಒಬ್ಬರು ನೋಡುವುದು, ಬಲ್ಮಸೆದಾವರೆಗೂ ನಗುವುದು ಕಣ್ಣಿಗೆ ಕಟ್ಟಿತು.

ಹಿತ್ತಲಿಗೆ ಓಡಿ ಪಾತ್ರೆಯನ್ನು ಹಿಮದ ಮೇಲೆ ಬೋರಲು ಹಾಕಿದೆ. ಹಿಡಿ ಹಿಮದಿಂದಲೇ ಉಜ್ಜಿ ತೊಳೆದೆ. ಅಪ್ಪನ ಕೈಗೆ ಕೊಟ್ಟು, "ಇದನ್ನ ಕೊಟ್ಟುಬಿಡಪ್ಪ, ನನಗೆ ತಲೆನೋವು," ಎಂದೆ. ಮುಂದಿನ ಮಂಗಳವಾರ ನಾನೇ ಎಲ್ಲ ಹೇಳಿಕೊಂಡು ನಗೋಣ ಎಂದುಕೊಂಡೆ. ಕೋಪ ಬಂದರೂ ಎಷ್ಟು ದಿನ ಇದ್ದೀತು?

ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಆತ ಟೋಪಿಯನ್ನು ಆಗಲೇ ಕೈಯಲ್ಲಿ ಹಿಡಿದು ಬಂದ. ಪಾತ್ರೆ ತೆಗೆದುಕೊಂಡ. ಅದರ ಹಗುರ ತಿಳಿದರೂ ಮುಚ್ಚಳ ತೆಗೆದು ನೋಡಿದ. ಮತ್ತೆ ಮುಚ್ಚಿದ. ಆಮೇಲೆ ಟೋಪಿ ಹಾಕಿಕೊಂಡ.

"ಏನಂದ್ರು?" ಎಂದು ಅಪ್ಪನನ್ನು ಕೇಳಿದೆ.

"ಪಾತ್ರೆ ಚೆನ್ನಾಗಿ ತೊಳೆದಿದ್ದಾರೆ ಅಂದ."

ಸಂಜೆ ಅಪ್ಪ ಹಿತ್ತಲಿಗೆ ಹೋಗಿ ಬಂದರು. ಬಾಗಿಲಲ್ಲಿ ಬೂಟಿನ ಹಿಮ ಕೊಡವುತ್ತ ಮೆಲ್ಲಗೆ ಹೇಳಿದರು: "ಮಗಳೇ, ಹಿಮ ಕರಗಿಸಿ ಬೇಯಿಸಬಹುದಿತ್ತಲ್ಲ. ಅದರಲ್ಲಿ ಸುಣ್ಣ ಇರಲ್ಲ."

ನನ್ನ ಸುತ್ತಲೂ ಮೊಣಕಾಲೆತ್ತರ ಬಿದ್ದಿತ್ತು. ನನಗೆ ಹೊಳೆದಿರಲಿಲ್ಲ.

ಆ ರಾತ್ರಿಯಿಂದ ಹಿಮ ಬಿದ್ದು ಹಳಿ ಮುಚ್ಚಿತು. ಹತ್ತು ದಿನ ರೈಲಿಲ್ಲ. ಹನ್ನೊಂದನೆಯ ದಿನ, ಮಂಗಳವಾರ, ಬಂದ ರೈಲಿನ ಕೊನೆಯ ಡಬ್ಬಿಯಿಂದ ಇಳಿದವನು ಬೇರೆ ಗಾರ್ಡ್.

"ಗೌದೆನ್ಸಿಯೊನಾ? ಬಿಲ್ಬಾವೊ ಕಡೆ ಕೆಲಸ ಕೇಳಿ ಹಾಕಿಸ್ಕೊಂಡ. ಇಲ್ಲಿಯ ಚಳಿ ಸಾಕಾಯ್ತಂತೆ. ಏನಾದ್ರೂ ಹೇಳ್ಬೇಕಾ?"

ಆ ಅಪರಿಚಿತನ ಮುಂದೆ ಏನು ಹೇಳಲಿ? "ಒರತೆ ಮತ್ತೆ ಹರೀತಿದೆ ಅಂತ ಹೇಳಿ," ಎಂದೆ. ಅಷ್ಟರಲ್ಲೇ ಎಲ್ಲ ಹೇಳಿದೆ ಎಂದುಕೊಂಡೆ. ಒರತೆ ನಿಂತಿದ್ದೇ ತಿಳಿಯದವನಿಗೆ ಆ ಮಾತಿನಿಂದ ಏನು ತಿಳಿದೀತು ಎಂಬುದು ಹೊಳೆಯುವ ಹೊತ್ತಿಗೆ ನನಗೆ ಮದುವೆಯಾಗಿತ್ತು. ಆತನಿಗೂ ಅಲ್ಲೆಲ್ಲೋ ಮದುವೆಯಾಯಿತಂತೆ ಎಂದು ಯಾರೋ ಹೇಳಿದ್ದರು, ನಾನು ನಂಬಿದ್ದೆ.

ನನ್ನ ಗಂಡ ಯೂತಿಕಿಯೊ ಒಳ್ಳೆಯವರು. ಕಲ್ಲು ಕೆತ್ತುವ ಕೆಲಸ, ಮೆದು ಮಾತು. ಅವರ ಬಗ್ಗೆ ದೂರಿದರೆ ದೇವರು ಮೆಚ್ಚುವುದಿಲ್ಲ. ಅವರು ಹೋಗಿ ಹನ್ನೊಂದು ವರ್ಷವಾಯಿತು. ನಾನು ಅವರಿಗೆ ಎಂದೂ ಪುಚೆರಾ ಮಾಡಲಿಲ್ಲ. ಅವರು ಎಂದೂ ಕೇಳಲಿಲ್ಲ.

ಕಾಗದ ಓದಿದ ಮರುದಿನ, ಎರಡು ಪ್ಲಾಸ್ಟಿಕ್ ಬಾಟಲಿ ಹಿಡಿದು ಹಳೆಯ ಗೇಟಿಗೆ ನಡೆದುಕೊಂಡು ಹೋದೆ. ಮನೆಯ ಚಾವಣಿ ಕುಸಿದಿದೆ. ಒರತೆ ಹಾಗೆಯೇ ಇದೆ. ಮಂಡಿಯೂರಿ ಬಾಟಲಿ ತುಂಬಿಸಿದೆ, ಏಳುವುದಕ್ಕೆ ಓಕ್ ಮರದ ಬೇರು ಹಿಡಿಯಬೇಕಾಯಿತು. ಶುಕ್ರವಾರ ಕಾಳು ನೆನೆಹಾಕಿದೆ. ಶನಿವಾರ ಬೆಳಗ್ಗೆ ಒಲೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಮೊದಲ ಕುದಿಗೆ ಒಂದು ತಣ್ಣೀರು, ಎರಡನೆಯದಕ್ಕೆ ಇನ್ನೊಂದು. ಕೈ ನಡುಗುತ್ತಿದ್ದರಿಂದ ಪಾತ್ರೆ ತಾನಾಗಿಯೇ ಅಲುಗಿತು. ಮೂರನೆಯದಕ್ಕೆ ಬೇಕಾದ ನೀರನ್ನು ಬಾಟಲಿಯಲ್ಲೇ ಉಳಿಸಿಕೊಂಡು, ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು, ಮಧ್ಯಾಹ್ನದ ರೈಲು ಹತ್ತಿದೆ.

ಇಷ್ಟು ಕಾಲದ ಮೇಲೆ, ಸತ್ತವನಿಗೆ ಉತ್ತರ ಕೊಟ್ಟು ಏನು ಪ್ರಯೋಜನ ಎಂದು ಯಾರಾದರೂ ಕೇಳಬಹುದು. ಖಾಲಿ ಕೊಟ್ಟದ್ದನ್ನು ಒಮ್ಮೆ ತುಂಬಿ ಕೊಡಬೇಕು ಎನ್ನುವುದಷ್ಟೇ ನನಗೆ ಗೊತ್ತಿತ್ತು.

ರೈಲು ಹಳೆಯ ಗೇಟನ್ನು ದಾಟಿತು. ಅದನ್ನು ನಾನು ರೈಲಿನೊಳಗಿಂದ ನೋಡಿದ್ದು ಅದೇ ಮೊದಲು. ಮುಂದಿನಿಂದ ಮನೆಯ ಗೋಡೆ ಅಡ್ಡ ಬರುತ್ತದೆ. ಗೋಡೆ ದಾಟಿದ ಮೇಲೆ, ತಿರುಗಿ ನೋಡಿದರೆ, ಹಿತ್ತಲು ಅಂಗೈಯಷ್ಟು ಸ್ಪಷ್ಟ.

ಕೊನೆಯ ಡಬ್ಬಿಯಲ್ಲಿ ನಿಂತವನು ಹಿಂದಕ್ಕೇ ನೋಡುತ್ತಾನೆ. ಗಾರ್ಡಿನ ಕೆಲಸವೇ ಅದು.

ಬುಟ್ಟಿಯನ್ನು ಮಡಿಲಿಗೆ ಒತ್ತಿ ಹಿಡಿದೆ. ಬಲ್ಮಸೆದಾವರೆಗೂ ಜಪಸರ ಮುಟ್ಟುವ ಧೈರ್ಯವಾಗಲಿಲ್ಲ.

ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲಲ್ಲಿ ಒಬ್ಬ ಸಣ್ಣ ಮುದುಕಿ ನನ್ನ ದಾರಿಗೆ ಅಡ್ಡ ನಿಂತಳು. ಅದೇ ಬೂದು ಕಣ್ಣು. ಅವಳು ಮೊದಲು ನೋಡಿದ್ದು ಬುಟ್ಟಿಯನ್ನು.

"ಪೂಜೆ ಪೂರ್ತಿ ಪುಚೆರಾ ವಾಸನೆ ಬಂತು. ಫಾದರ್ ಎರಡು ಸಲ ತಡವರಿಸಿದ್ರು. ನೀವು ಗೇಟಿನವರಲ್ವಾ?"

"ಹೌದು. ದೊಮಿತಿಲಾ."

"ಹೆಸರು ಗೊತ್ತು. ನಾನು ವಿಸಿತಾಸಿಯೋನ್. ಚಳಿಯಲ್ಲಿ ನಿಲ್ಬೇಡಿ, ಮನೆಗೆ ಬನ್ನಿ."

ಅವಳ ಅಡುಗೆಮನೆಯ ಕಪಾಟಿನ ಮೇಲೆ ಆ ಪಾತ್ರೆ ಇತ್ತು. ಕವಚದ ತಗಡು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

"ಯಾರನ್ನೂ ಮುಟ್ಟೋಕೆ ಬಿಡ್ತಿರಲಿಲ್ಲ," ಎಂದಳು. "ಅಕ್ಟೋಬರಿನಲ್ಲಿ ಸಂತ ಸೆವೆರಿನೋ ಹಬ್ಬದ ದಿನ ಊರಿನವರೆಲ್ಲ ಚೌಕದಲ್ಲಿ ಪುಚೆರಾ ಹೂಡ್ತಾರೆ. ಇವನೂ ಇದನ್ನ ತಿಕ್ಕಿ ತಗೊಂಡು ಹೋಗ್ತಿದ್ದ. ಪಕ್ಕದಲ್ಲಿಟ್ಕೊಂಡು ಕೂರ್ತಿದ್ದ, ಬೇರೆಯವರದ್ದು ತಿಂದು ಬರ್ತಿದ್ದ. ಬೆಂಕಿ ಮಾತ್ರ ಹಾಕ್ತಿರಲಿಲ್ಲ."

ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡು ಮೇಜಿನ ಮೇಲಿಟ್ಟಳು.

"ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ಬೇಯಿಸಿದ್ದನ್ನ ಯಾಕೆ ಹಿಮಕ್ಕೆ ಚೆಲ್ಲಿದ್ರಿ? ಬಿಳೀ ಹಿಮದ ಮೇಲೆ ಕೆಂಪಗೆ ಬಿದ್ದಿತ್ತಂತೆ. ಬೇಯಿಸದೆ ಖಾಲಿ ಕೊಟ್ಟಿದ್ರೆ ಮತ್ತೊಂದು ಸಲ ಕೇಳ್ತಿದ್ದೆ ಅಂತಿದ್ದ. ಬೇಯಿಸಿ, ಚೆಲ್ಲಿ, ತೊಳೆದು ಕೊಟ್ಟವರನ್ನ ಇನ್ನೇನು ಕೇಳೋದು ಅಂತಿದ್ದ."

"ಕಾಳು ಬೆಂದಿರಲಿಲ್ಲ," ಎಂದೆ.

"ಏನು?"

"ಒರತೆ ಹೆಪ್ಪುಗಟ್ಟಿತ್ತು. ಸುಣ್ಣದ ಗೂಡಿನ ಬಾವಿ ನೀರು ಹಾಕಿದ್ದೆ. ಕಲ್ಲಾಗಿತ್ತು. ಎಂಜಿನ್ನಿನವರು ತಟ್ಟೆ ಹಿಡ್ಕೊಂಡು ನಿಂತಿದ್ರು. ನಾಚಿಕೆಯಾಯ್ತು."

"ಅಷ್ಟೇನಾ?"

"ಅಷ್ಟೇ."

ವಿಸಿತಾಸಿಯೋನ್ ಕುರ್ಚಿಯ ಬೆನ್ನು ಹಿಡಿದುಕೊಂಡಳು. ನಗುತ್ತಾಳೋ ಅಳುತ್ತಾಳೋ ಎಂದು ನನಗೆ ತಿಳಿಯಲಿಲ್ಲ, ಅವಳಿಗೂ ತಿಳಿದಂತಿರಲಿಲ್ಲ.

"ಅವನು ಕಲ್ಲೂ ತಿಂತಿದ್ದ ಕಣ್ರೀ."

"ಹಾಗಂತ ನನಗೆ ಹೇಳಿದ್ರು. ನಾನೇ ನಂಬಲಿಲ್ಲ."

"ಒರತೆ ಹರೀತಿದೆ ಅಂತ ಯಾರ ಕೈಲೋ ಹೇಳಿ ಕಳಿಸಿದ್ರಂತೆ. ಅದೇನು ಅಂತ ಸಾಯೋವರೆಗೂ ತಲೆ ಕೆಡಿಸ್ಕೊಂಡಿದ್ದ. ನಿಮಗೆ ಮದುವೆಯಾಯ್ತು ಅಂತ ಗೊತ್ತಾದಾಗ ಒಳ್ಳೇದಾಯ್ತು ಅಂದ, ಮನಸಾರೆ ಅಂದ. ಕೊನೇ ವಾರ ನೀರು ನೀರು ಅಂತಿದ್ದ. ಏನು ಕೊಟ್ರೂ ಒಂದು ಗುಟುಕು ಕುಡಿದು, ಇದರಲ್ಲಿ ಸುಣ್ಣ ಇದೆ ಅಂತ ಲೋಟ ಸರಿಸ್ತಿದ್ದ. ಅದಕ್ಕೇ ನಿಮ್ಮ ಚರ್ಚಿಗೂ ಕಾಗದ ಅಂಟಿಸೋಕೆ ಹೇಳಿದ್ದು. ಬದುಕಿದ್ರೆ ನೋಡ್ತೀರಿ ಅಂತ."

ನಾವು ಆ ಪಾತ್ರೆಯನ್ನು ಕೆಳಗಿಳಿಸಿದೆವು. ಬಾಲ್ಕನಿಯಲ್ಲಿ ಇದ್ದಿಲು ಹೊತ್ತಿಸಿ, ನಾನು ತಂದದ್ದನ್ನು ಅದಕ್ಕೆ ಸುರಿದೆವು. ಕುದಿ ಬಂದಾಗ ಬಾಟಲಿ ತೆಗೆದು ಮೂರನೆಯ ತಣ್ಣೀರು ಹಾಕಿದೆ. ಕುದಿ ಒಮ್ಮೆ ಬೆಚ್ಚಿ ಅಡಗಿತು. ಇಬ್ಬರೂ ಒಂದೊಂದು ಕಿವಿ ಹಿಡಿದು ಅಲುಗಿಸಿದೆವು.

ಕಾಳು ನಾಲಿಗೆಯ ಮೇಲೆ ಕರಗಿತು.

"ಬೆಂದಿದೆ," ಎಂದಳು ವಿಸಿತಾಸಿಯೋನ್, ಕಣ್ಣೊರೆಸಿಕೊಳ್ಳುತ್ತ. "ಸ್ವಲ್ಪ ತಡವಾಯ್ತು."

ಇಬ್ಬರೂ ಹೊಟ್ಟೆತುಂಬ ಉಂಡೆವು. ಮೂರನೆಯ ತಟ್ಟೆಯೊಂದನ್ನು ಅವಳು ಇಟ್ಟಿದ್ದಳು, ಅದು ಹಾಗೆಯೇ ತಣ್ಣಗಾಯಿತು.

ಭಾನುವಾರ ಬೆಳಗ್ಗೆ, ಹೊರಡುವ ಮೊದಲು, ಅವಳು ನನ್ನನ್ನು ಸ್ಮಶಾನಕ್ಕೆ ಕರೆದುಕೊಂಡು ಹೋದಳು. ಕಲ್ಲಿನ ಮೇಲೆ ಹೆಸರು ಇನ್ನೂ ಕೆತ್ತಿರಲಿಲ್ಲ. ಬಾಟಲಿಯಲ್ಲಿ ಅಂಗೈಯಷ್ಟು ನೀರು ಉಳಿದಿತ್ತು. ಅದನ್ನು ಕಲ್ಲಿನ ಮೇಲೆ ಮೆಲ್ಲಗೆ ಸುರಿದೆ. ನನ್ನ ಕೈ ಬೆಚ್ಚಗಿರಲಿಲ್ಲ, ಆದ್ದರಿಂದ ನೀರು ತಣ್ಣಗೇ ಬಿದ್ದಿರಬೇಕು. ಆಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಬೇಡಿಕೊಂಡೆ.

ಪ್ರಭುವೇ, ನಿನ್ನ ದಾಸ ಗೌದೆನ್ಸಿಯೊನನ್ನು ನಿನ್ನ ಮೇಜಿಗೆ ಕರೆದುಕೊ. ಅವನು ಬಹಳ ದೂರ ಹಿಂದಕ್ಕೆ ನೋಡಿಕೊಂಡೇ ಪಯಣ ಮಾಡಿದವನು, ಇನ್ನು ನಿನ್ನ ಬೆಳಕನ್ನು ಎದುರಿಗೆ ನೋಡಲಿ. ನನ್ನ ಹಮ್ಮಿನಿಂದ ಅವನಿಗಾದ ನೋವನ್ನು ನನ್ನ ಲೆಕ್ಕಕ್ಕೆ ಹಾಕು, ಅವನ ಮೇಲಿನಿಂದ ಇಳಿಸು. ಅವನ ಬಾಯಾರಿಕೆ ತೀರಲಿ. ಅವನ ಆತ್ಮಕ್ಕೆ ಎಂದೂ ಮುಗಿಯದ ಶಾಂತಿ ಸಿಗಲಿ. ಆಮೆನ್.